ಮಳೆಗಾಲದ ಆಟ: ಬಂದರಿಗೆ ದೂರದ ದೃಶ್ಯ ಬಂದ ದಾರಿ

ಜೂನ್ ತಿಂಗಳು ಕಾಲಿಟ್ಟಿತೆಂದರೆ ಮಂಗಳೂರಿನ ಬಂದರಿನಲ್ಲಿ ದುಡಿಮೆಯ ಲಯವೇ ಬದಲಾಗುತ್ತದೆ. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವುದರಿಂದ ದೋಣಿಗಳು ದಕ್ಕೆಯಲ್ಲಿ ಒಂದಕ್ಕೊಂದು ಒರಗಿಕೊಂಡು ನಿಲ್ಲುತ್ತವೆ. ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳೂ ಕಡಲು ಶಾಂತವಾಗುವ ದಿನಕ್ಕಾಗಿ ಕಾಯುತ್ತವೆ. ಬೀಬಿ ಅಲಾಬಿ ರಸ್ತೆ, ಅಜೀಜುದ್ದೀನ್ ರಸ್ತೆಗಳ ಮಂಡಿಗಳ ಮುಂದೆ ಹಮಾಲರು ಗೋಣಿಚೀಲಗಳಿಗೆ ಟಾರ್ಪಾಲು ಹೊದಿಸಿ, ಸೂರಿನ ಕೆಳಗೆ ನಿಂತು ಮಳೆಯ ಬಿಡುವನ್ನು ನಿರೀಕ್ಷಿಸುತ್ತಾರೆ.

ವಿಚಿತ್ರವೆಂದರೆ, ಜಗತ್ತಿನ ದೊಡ್ಡ ಆಟಗಳ ಕಾಲವೂ ಇದೇ. ಯುರೋಪಿನ ಬೇಸಿಗೆ ನಮ್ಮ ಮಳೆಗಾಲ. ವಿಶ್ವಕಪ್ ಫುಟ್‌ಬಾಲ್ ಬಹುತೇಕ ಜೂನ್ ಮತ್ತು ಜುಲೈ ತಿಂಗಳುಗಳಲ್ಲೇ ನಡೆದುಬಂದಿದೆ. ಇಂಗ್ಲೆಂಡಿನಲ್ಲಿ ನಡೆದ ವಿಶ್ವಕಪ್ ಕ್ರಿಕೆಟ್ ಪಂದ್ಯಾವಳಿಗಳೂ ಹಾಗೆಯೇ. ಆಟವನ್ನು ನೋಡಲು ಮನಸ್ಸೂ ಬಿಡುವೂ ಇರುವ ದಿನಗಳಲ್ಲೇ ಆಕಾಶ ನಮಗೆ ಅಡ್ಡಿಯಾಗುತ್ತದೆ. ಮಾಡಿನ ಮೇಲಿನ ಡಿಶ್ಶಿಗೆ ಜಡಿಮಳೆ ಹೊಡೆದೊಡನೆ ಟಿ.ವಿ. ಪರದೆಯ ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಡುತ್ತದೆ. ಆಗ ಮನೆಯವರ ಕೈ ತಾನಾಗಿಯೇ ಮೊಬೈಲಿನತ್ತ ಹೋಗುತ್ತದೆ. ಅಂಗೈಯಗಲದ ಗಾಜಿನಲ್ಲಿ ಅದೇ ಪಂದ್ಯ ಮುಂದುವರಿಯುತ್ತದೆ.

ಇಂದು ನಮಗೆ ಸಹಜವಾಗಿ ಕಾಣುವ ಈ ಚಿಕ್ಕ ಚಲನೆಯ ಹಿಂದೆ ದೀರ್ಘವಾದ ಇತಿಹಾಸವಿದೆ. ದೂರದಲ್ಲಿ ನಡೆದದ್ದನ್ನು ತಿಳಿಯಲು ಬಂದರಿನ ಜನ ಪಟ್ಟ ಪಾಡು, ಆ ಪಾಡಿನಲ್ಲಿ ಅವರು ಪರಸ್ಪರ ನೀಡಿದ ನೆರವು ಆ ಇತಿಹಾಸದ ತಿರುಳು.

ಹಡಗು ತಂದ ಸುದ್ದಿ

ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲನ್ನು ಸೇರುವೆಡೆ ಬೆಳೆದ ಈ ಬಂದರಿಗೆ ಶತಮಾನಗಳ ಕಾಲ ಹೊರಜಗತ್ತಿನ ಸುದ್ದಿ ತಂದದ್ದು ಹಾಯಿ. ಅಕ್ಕಿ, ಮೆಣಸು, ಖರ್ಜೂರಗಳ ಜತೆಗೆ ಮಾತೂ ಇಳಿಯುತ್ತಿತ್ತು. ಊರಿನ ಎತ್ತರದಲ್ಲಿ ಹಡಗುಗಳಿಗೆ ದಾರಿ ತೋರಿದ ಹಳೆಯ ದೀಪಸ್ತಂಭ ಇಂದಿಗೂ ಬಾವುಟಗುಡ್ಡೆಯ ಮೇಲೆ ನಿಂತಿದೆ. ದೂರಕ್ಕೆ ಸಂಕೇತ ಕಳುಹಿಸಬೇಕಾದರೆ ಎತ್ತರ ಬೇಕೆಂಬ ಪಾಠವನ್ನು ಈ ಊರು ಅಷ್ಟು ಹಿಂದೆಯೇ ಅರಿತಿತ್ತು.

1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಇಲ್ಲಿ ಮುದ್ರಣಾಲಯವನ್ನು ತೆರೆದರು. 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ಅವರ ಸಂಪಾದಕತ್ವದಲ್ಲಿ ‘ಮಂಗಳೂರ ಸಮಾಚಾರ’ ಹೊರಬಂದಿತು. ಕನ್ನಡದ ಮೊದಲ ವೃತ್ತಪತ್ರಿಕೆಯೆಂಬ ಗೌರವ ಅದರದು. ಅದೂ ಮಳೆಗಾಲದ ಕೂಸೇ ಎಂಬುದನ್ನು ಗಮನಿಸಬೇಕು. ಓದಬಲ್ಲವರು ವಿರಳವಾಗಿದ್ದ ಕಾಲದಲ್ಲಿ ಒಬ್ಬ ಓದಿದರೆ ಹತ್ತು ಮಂದಿ ಕೇಳಬೇಕಾಗಿತ್ತು. ಮುಂದಿನ ಒಂದೂವರೆ ಶತಮಾನದಲ್ಲಿ ಸಾಧನ ಬದಲಾದರೂ ಈ ಪದ್ಧತಿ ಬದಲಾಗಲಿಲ್ಲ.

ಕಿವಿಯಿಂದ ಕಂಡ ಆಟ

ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಖಾಸಗಿಯಾಗಿ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಆದರೆ ಮಂಗಳೂರಿಗೆ ತನ್ನದೇ ಆಕಾಶವಾಣಿ ಕೇಂದ್ರ ದೊರೆತದ್ದು 1976ರಲ್ಲಿ. ಅಲ್ಲಿಯವರೆಗೆ ಕರಾವಳಿಯ ರೇಡಿಯೋಗಳು ಘಟ್ಟದಾಚೆಯ ನಿಲ್ದಾಣಗಳನ್ನೇ ಹುಡುಕಬೇಕಾಗಿತ್ತು.

1975ರ ಮಾರ್ಚ್ 15ರಂದು ಕೌಲಾಲಂಪುರದಲ್ಲಿ ಭಾರತ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ಹಾಕಿ ವಿಶ್ವಕಪ್ ಗೆದ್ದಾಗ ದೇಶ ಅದನ್ನು ಕಂಡದ್ದು ಕಿವಿಯಿಂದ. ಜಸ್ದೇವ್ ಸಿಂಗ್ ಅವರ ಹಿಂದಿ ವೀಕ್ಷಕ ವಿವರಣೆ ಸಣ್ಣ ಅಲೆಗಳಲ್ಲಿ ತೇಲುತ್ತಾ ಬರುತ್ತಿತ್ತು. ಆ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಅವರಿದ್ದರೆಂಬುದು ಕನ್ನಡಿಗರಿಗೆ ಇನ್ನೂ ಹೆಮ್ಮೆಯ ಸಂಗತಿ. ಹಿಂದಿ ಅರಿಯದವರಿಗೆ ಅರಿತವರು ಅರ್ಥ ಹೇಳುತ್ತಿದ್ದರು. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ತಂದ ‘ಟೂ-ಇನ್-ಒನ್’ಗಳು ಆಮೇಲಿನ ವರ್ಷಗಳಲ್ಲಿ ಓಣಿಯ ಸ್ವತ್ತಿನಂತೆ ಕಿಟಕಿಯ ಮೇಲೆ ಕುಳಿತವು.

ಮಳೆಗಾಲದಲ್ಲಿ ಮಧ್ಯಮ ತರಂಗಕ್ಕೆ ಸಿಡಿಲೇ ಶತ್ರು. ಮಿಂಚಿನ ವಿದ್ಯುತ್ತು ಗಾಳಿಯಲ್ಲಿ ಎಬ್ಬಿಸುವ ತರಂಗಗಳು ಅದೇ ಪಟ್ಟಿಯಲ್ಲಿ ನುಗ್ಗಿ ‘ಚರ್’ ಎಂದು ಸದ್ದು ಮಾಡುತ್ತವೆ. 1983ರ ಜೂನ್ 25ರಂದು ಲಾರ್ಡ್ಸ್ ಮೈದಾನದಲ್ಲಿ ಭಾರತ 183 ಓಟಗಳಿಗೆ ಆಲೌಟಾಗಿ, ವೆಸ್ಟ್ ಇಂಡೀಸನ್ನು 140ಕ್ಕೆ ಕಟ್ಟಿಹಾಕಿದ ಆ ರಾತ್ರಿ ಕರಾವಳಿಯ ಬಹುಪಾಲು ಮನೆಗಳಿಗೆ ಬಾನುಲಿಯೇ ಗತಿ. ಸದ್ದಿನ ನಡುವೆ ಕಳೆದುಹೋದ ಚೆಂಡಿನಲ್ಲಿ ಏನಾಯಿತೆಂಬುದನ್ನು ಮುಂದಿನ ವಾಕ್ಯದಿಂದ ಊಹಿಸಬೇಕಾಗಿತ್ತು. ಅದೇ ಪಂದ್ಯಾವಳಿಯಲ್ಲಿ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆಯ ವಿರುದ್ಧ ಕಪಿಲ್ ದೇವ್ ಗಳಿಸಿದ ಅಜೇಯ 175 ಓಟಗಳ ಚಿತ್ರೀಕರಣವೇ ಉಳಿದಿಲ್ಲ. ಕಣ್ಣು ಕಾಣದಿದ್ದರೂ ಒಂದು ಆಟ ಜನಮನದಲ್ಲಿ ನಾಲ್ಕು ದಶಕ ಬಾಳಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮಾಡಿನ ಮೇಲಿನ ಆಂಟೆನಾ

1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಸಂದರ್ಭದಲ್ಲಿ ದೂರದರ್ಶನಕ್ಕೆ ಬಣ್ಣ ಬಂದಿತು. ಉಪಗ್ರಹದ ನೆರವಿನಿಂದ 1984ರ ಸುಮಾರಿಗೆ ದೇಶದ ಊರೂರುಗಳಲ್ಲಿ ಅಲ್ಪಶಕ್ತಿಯ ಮರುಪ್ರಸಾರ ಕೇಂದ್ರಗಳು ತಲೆಯೆತ್ತಿದವು. ಕೇವಲ 100 ವಾಟ್ ಶಕ್ತಿಯ ಇಂತಹ ಕೇಂದ್ರದ ವ್ಯಾಪ್ತಿ ಹತ್ತು ಹದಿನೈದು ಕಿಲೋಮೀಟರುಗಳಿಗಿಂತ ಹೆಚ್ಚಿರಲಿಲ್ಲ. ಗುಡ್ಡ, ತೆಂಗಿನ ತೋಟ, ಎತ್ತರದ ಗೋದಾಮು ಯಾವುದು ಅಡ್ಡ ಬಂದರೂ ಚಿತ್ರ ಮಸುಕಾಗುತ್ತಿತ್ತು. ಗುಡ್ಡಗಳ ಊರಾದ ಮಂಗಳೂರಿನಲ್ಲಿ ಬಂದರು ತಗ್ಗಿನ ನೆಲ. ಆದ್ದರಿಂದ ಇಲ್ಲಿ ಆಂಟೆನಾ ಎತ್ತರಿಸುವುದೇ ಒಂದು ವಿದ್ಯೆಯಾಯಿತು.

ಆ ದೃಶ್ಯವನ್ನು ನಮ್ಮ ಹಿರಿಯರು ಮರೆತಿರಲಾರರು. ಹಂಚಿನ ಮಾಡಿನ ಮೇಲೆ ಒಬ್ಬ, ಅಂಗಳದಲ್ಲಿ ಇನ್ನೊಬ್ಬ, ಟಿ.ವಿ.ಯ ಮುಂದೆ ಮೂರನೆಯವ. “ಬಂತಾ?” “ಇಲ್ಲ, ಸ್ವಲ್ಪ ಬಡಗಕ್ಕೆ ತಿರುಗಿಸು.” “ಈಗ?” “ಬಂತು, ಬಂತು... ಹೋಯಿತು!” 1986ರಲ್ಲಿ ಮೆಕ್ಸಿಕೋದ ವಿಶ್ವಕಪ್ ಫುಟ್‌ಬಾಲ್ ಪಂದ್ಯಗಳು ದೂರದರ್ಶನದಲ್ಲಿ ನೇರವಾಗಿ ಬಂದಾಗ, ಅಲ್ಲಿನ ನಡುಹಗಲು ನಮಗೆ ರಾತ್ರಿ ಹನ್ನೊಂದೂವರೆ. ಜೂನ್ 22ರ ಆ ರಾತ್ರಿ ಇಂಗ್ಲೆಂಡಿನ ವಿರುದ್ಧ ಮರಡೋನಾ ಹೊಡೆದ ಎರಡು ಗೋಲುಗಳನ್ನು ಕಾಣಲು ಜನ ಟಿ.ವಿ.ಯಿದ್ದ ಮನೆಗಳಲ್ಲಿ ಕಿಕ್ಕಿರಿದರು. ಒಂದು ಗೋಲು ಕೈಯಿಂದ, ಇನ್ನೊಂದು ಅರ್ಧ ಮೈದಾನವನ್ನು ದಾಟಿ ಬಂದ ಕಾಲಿನಿಂದ. ಮಸುಕು ಚಿತ್ರದಲ್ಲಿ ಕೈಯೋ ತಲೆಯೋ ಎಂದು ಚರ್ಚಿಸಲು ರಾತ್ರಿಯಿಡೀ ಸಾಕಾಗಲಿಲ್ಲ.

ಆದರೆ ಈ ನೆನಪನ್ನು ಬರಿಯ ಸವಿಯಾಗಿಸಿಕೊಂಡರೆ ಇತಿಹಾಸಕ್ಕೆ ಅನ್ಯಾಯವಾದೀತು. ಚಾವಡಿಯ ಒಳಗೆ ಕುರ್ಚಿಯಲ್ಲಿ ಕುಳಿತವರಿದ್ದರು. ನೆಲದ ಮೇಲೆ ಕುಳಿತವರಿದ್ದರು. ಮಳೆಯಲ್ಲಿ ನೆನೆಯುತ್ತಾ ಕಿಟಕಿಯ ಸರಳುಗಳಾಚೆ ನಿಂತವರೂ ಇದ್ದರು. ಯಾರ ಸ್ಥಾನ ಎಲ್ಲಿ ಎಂಬುದನ್ನು ಆಟ ನಿರ್ಧರಿಸುತ್ತಿರಲಿಲ್ಲ. ರಾತ್ರಿಯ ಹೊತ್ತು ಪರರ ಮನೆಗೆ ಹೋಗಿ ಪಂದ್ಯ ನೋಡುವ ಸ್ವಾತಂತ್ರ್ಯ ಹೆಣ್ಣುಮಕ್ಕಳಿಗೆ ಎಷ್ಟಿತ್ತು? ಟಿ.ವಿ.ಯ ಒಡೆಯನಿಗೆ ನಿದ್ದೆ ಬಂದರೆ ಎಲ್ಲರ ಆಟವೂ ಅಲ್ಲಿಗೇ ಮುಗಿಯುತ್ತಿತ್ತು.

ಅಂಗೈಯ ಮೈದಾನ

ತೊಂಬತ್ತರ ದಶಕದಲ್ಲಿ ಕೇಬಲ್ ಬಂದಿತು. 2004ರ ಡಿಸೆಂಬರಿನಲ್ಲಿ ದೂರದರ್ಶನ ತನ್ನ ಉಚಿತ ಡಿಶ್ ಸೇವೆಯನ್ನು ಆರಂಭಿಸಿತು. ಚಿತ್ರ ನಿರ್ಮಲವಾಯಿತು, ಆದರೆ ಮಳೆಯ ತೊಂದರೆ ತಪ್ಪಲಿಲ್ಲ. ಕಾರಣ ಸರಳ. ಮನೆಯ ಡಿಶ್ಶಿಗೆ ಉಪಗ್ರಹದಿಂದ ಇಳಿಯುವ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಇಷ್ಟು ಗಿಡ್ಡ ಅಲೆಯನ್ನು ದಪ್ಪ ಮಳೆಹನಿಗಳು ಹೀರಿ ಚದುರಿಸುತ್ತವೆ. ಮೊಬೈಲ್ ಗೋಪುರಗಳು ಬಳಸುವ ಅಲೆಗಳಾದರೋ ಹೆಚ್ಚಾಗಿ ಹತ್ತರಿಂದ ಮೂವತ್ತೈದು ಸೆಂಟಿಮೀಟರ್ ಉದ್ದದವು. ಗೋಪುರವೂ ಹತ್ತಿರದಲ್ಲೇ ಇರುತ್ತದೆ. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಂಗಳೂರಿನಲ್ಲಿ ಡಿಶ್ ಸೋತಾಗ ಮೊಬೈಲ್ ಗೆಲ್ಲುವುದು ಈ ಕಾರಣದಿಂದಲೇ.

ಮೊದಮೊದಲು ಮೊಬೈಲಿಗೆ ಬರುತ್ತಿದ್ದುದು ಅಂಕಗಳ ಕಿರುಸಂದೇಶ ಮಾತ್ರ. 2015ರ ಫೆಬ್ರವರಿಯಲ್ಲಿ, ವಿಶ್ವಕಪ್ ಕ್ರಿಕೆಟ್ಟಿನ ಹೊತ್ತಿಗೆ, ಹಾಟ್‌ಸ್ಟಾರ್ ಆರಂಭವಾಯಿತು. 2016ರ ಸೆಪ್ಟೆಂಬರ್ 5ರಂದು ಜಿಯೋ ಸೇವೆ ಬಂದು ಕೆಲವು ತಿಂಗಳು ಉಚಿತವಾಗಿಯೇ ಅಂತರ್ಜಾಲವನ್ನು ಹಂಚಿದಾಗ, ಎಲ್ಲ ಸಂಸ್ಥೆಗಳ ಡೇಟಾ ದರವೂ ಇಳಿಯಿತು. ಮಧ್ಯಮ ಗುಣಮಟ್ಟದ ಚಿತ್ರಕ್ಕೆ ಗಂಟೆಗೆ ಸುಮಾರು ಅರ್ಧದಿಂದ ಒಂದು ಜಿ.ಬಿ. ಬೇಕು, ಅದು ಕೂಲಿಯವನ ಕೈಗೂ ಎಟುಕುವಂತಾಯಿತು.

2019ರ ಜುಲೈ 9ರಂದು ಮ್ಯಾಂಚೆಸ್ಟರಿನಲ್ಲಿ ಭಾರತ ಮತ್ತು ನ್ಯೂಜಿಲೆಂಡ್ ನಡುವಣ ಉಪಾಂತ್ಯ ಪಂದ್ಯಕ್ಕೆ ಮಳೆ ಅಡ್ಡಿಯಾಯಿತು. ಅಂದು ಹಾಟ್‌ಸ್ಟಾರಿನಲ್ಲಿ ಏಕಕಾಲಕ್ಕೆ 2.53 ಕೋಟಿ ವೀಕ್ಷಕರಿದ್ದರು. ಮರುದಿನ ಮುಂದುವರಿದ ಆಟದಲ್ಲಿ ಭಾರತ 18 ಓಟಗಳಿಂದ ಸೋತಿತು. ಸುರತ್ಕಲ್ಲಿನಲ್ಲಿ ಬೆಳೆದ ಕೆ.ಎಲ್. ರಾಹುಲ್ ಒಂದೇ ಓಟಕ್ಕೆ ಹೊರನಡೆದರು. ನಾಲ್ಕು ವರ್ಷಗಳ ಬಳಿಕ, 2023ರ ನವೆಂಬರ್ 19ರ ಅಹಮದಾಬಾದಿನ ಅಂತಿಮ ಪಂದ್ಯದಲ್ಲಿ ಅದೇ ರಾಹುಲ್ 66 ಓಟಗಳೊಂದಿಗೆ ಭಾರತದ ಪರ ಅತ್ಯಧಿಕ ಗಳಿಸಿದಾಗ ವೀಕ್ಷಕರ ಸಂಖ್ಯೆ 5.9 ಕೋಟಿಗೆ ಏರಿತ್ತು. ಭಾರತ ಅಂದೂ ಸೋತಿತು.

ಈ ದಾರಿ ಒಮ್ಮುಖವಲ್ಲ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹಾರಿ ಜಗತ್ತನ್ನೇ ಸುತ್ತಿತು. ದುಬಾಯಿಯ ಕೋಣೆಯಲ್ಲಿ ಕುಳಿತ ನಮ್ಮ ಮಕ್ಕಳು ಇಂದು ಊರಿನ ಕಂಬಳವನ್ನು ರಾತ್ರಿಯಿಡೀ ನೇರವಾಗಿ ನೋಡುತ್ತಾರೆ. ಬಂದರು ಮೊದಲಿನಿಂದಲೂ ಹಾಗೆಯೇ ಅಲ್ಲವೇ? ಅಲ್ಲಿ ತರುವುದೂ ಉಂಟು, ಕಳುಹಿಸುವುದೂ ಉಂಟು.

ಹತ್ತಿರವಾದದ್ದು, ದೂರವಾದದ್ದು

ಪ್ರಸಾರಕ್ಕೂ ಮೊಬೈಲಿನ ನೇರಪ್ರಸಾರಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಗೋಪುರದಿಂದ ಹೊರಟ ಟಿ.ವಿ. ಅಲೆ ಒಂದೇ, ನೂರು ಮಂದಿ ಹಿಡಿದರೂ ಲಕ್ಷ ಮಂದಿ ಹಿಡಿದರೂ ಅದು ಕರಗದು. ಮೊಬೈಲಿನಲ್ಲಾದರೋ ಒಬ್ಬೊಬ್ಬರಿಗೂ ಬೇರೆ ಬೇರೆ ಪ್ರತಿ ಹೋಗಬೇಕು. ದೃಶ್ಯವನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ತುಸು ಕೂಡಿಟ್ಟುಕೊಂಡು ತೋರಿಸಲಾಗುತ್ತದೆ. ಹೀಗಾಗಿ ಅದು ಹಲವು ವೇಳೆ ಟಿ.ವಿ.ಗಿಂತ ಅರ್ಧ ನಿಮಿಷದಷ್ಟು ಹಿಂದೆ ಬೀಳುತ್ತದೆ. ಪಕ್ಕದ ಮನೆಯಲ್ಲಿ ಬೊಬ್ಬೆ ಎದ್ದಾಗ ನಮ್ಮ ಅಂಗೈಯಲ್ಲಿ ಬೌಲರ್ ಇನ್ನೂ ಓಡಿಬರುತ್ತಿರುತ್ತಾನೆ. ಒಂದೇ ಓಣಿಯ ಜನ ಒಂದೇ ಪಂದ್ಯವನ್ನು ಬೇರೆ ಬೇರೆ ಗಳಿಗೆಗಳಲ್ಲಿ ನೋಡುತ್ತಾರೆ.

ಇನ್ನೊಂದು ವ್ಯತ್ಯಾಸ ಹಕ್ಕಿನದು. ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ 1995ರ ಫೆಬ್ರವರಿ 9ರಂದು ತೀರ್ಪಿತ್ತಿತು. ಆ ವ್ಯಾಜ್ಯ ಎದ್ದದ್ದೂ ಕ್ರಿಕೆಟ್ ಪ್ರಸಾರದಿಂದಲೇ. ರಾಷ್ಟ್ರೀಯ ಮಹತ್ವದ ಪಂದ್ಯಗಳನ್ನು ಖಾಸಗಿ ಪ್ರಸಾರಕರು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕೆಂಬ ಕಾಯಿದೆ 2007ರಲ್ಲಿ ಬಂದಿತು. ಆದರೆ 2017ರ ಆಗಸ್ಟಿನಲ್ಲಿ ಅದೇ ನ್ಯಾಯಾಲಯ ಈ ಸೌಲಭ್ಯವನ್ನು ದೂರದರ್ಶನದ ಸ್ವಂತ ಗೋಪುರ ಹಾಗೂ ಡಿಶ್‌ಗಳಿಗೆ ಸೀಮಿತಗೊಳಿಸಿತು. ಕೇಬಲ್ಲಿಗೆ ಅದು ಸಲ್ಲದಾಯಿತು. 2022ರ ಮಾರ್ಚ್ ವೇಳೆಗೆ ದೇಶದ ಬಹುತೇಕ ಹಳೆಯ ಪ್ರಸಾರ ಗೋಪುರಗಳನ್ನೂ ನಿಲ್ಲಿಸಲಾಯಿತು. ಹೀಗೆ ಬಡವನ ಉಚಿತ ಕಿಟಕಿಯಾಗಿ ಉಳಿದದ್ದು, ಮಳೆ ಬಂದರೆ ಮುಚ್ಚಿಕೊಳ್ಳುವ ಡಿಶ್ ಒಂದೇ. 2022ರ ವಿಶ್ವಕಪ್ ಫುಟ್‌ಬಾಲನ್ನು ಜಿಯೋಸಿನಿಮಾ ಹಣ ಪಡೆಯದೆ ತೋರಿಸಿದ್ದುಂಟು. ಅದು ವ್ಯಾಪಾರಿಯ ಔದಾರ್ಯವೇ ಹೊರತು ನೋಡುಗನ ಹಕ್ಕಲ್ಲ. 2025ರ ಫೆಬ್ರವರಿಯಲ್ಲಿ ಆ ಸೇವೆ ಹಾಟ್‌ಸ್ಟಾರಿನೊಡನೆ ಒಂದಾಯಿತು. ರೀಚಾರ್ಜ್ ಮುಗಿದ ದಿನ ಆಟವೂ ಮುಗಿಯುತ್ತದೆಂಬುದು ದಕ್ಕೆಯ ಕೂಲಿಯವನಿಗೆ ಚೆನ್ನಾಗಿ ಗೊತ್ತು.

ಹಾಗಾದರೆ ಮೊಬೈಲಿನಿಂದ ನಮಗೆ ನಷ್ಟವೇ ಆಯಿತೆ? ಹಾಗೆನ್ನಲಾಗದು. ಕಿಟಕಿಯಾಚೆ ನಿಂತು ನೆನೆಯುತ್ತಿದ್ದವನಿಗೆ ಇಂದು ಯಾರ ಅಪ್ಪಣೆಯೂ ಬೇಕಿಲ್ಲ. ಅಡುಗೆಮನೆಯಿಂದ ಇಣುಕುತ್ತಿದ್ದ ಮಗಳು ತನ್ನ ಆಟವನ್ನು ತಾನೇ ಆರಿಸಿಕೊಳ್ಳುತ್ತಾಳೆ. ಬಂದರಿಗೆ ದುಡಿಯಲು ಬಂದ ಹೊರರಾಜ್ಯದ ಯುವಕ ತನ್ನ ಭಾಷೆಯಲ್ಲೇ ವಿವರಣೆ ಕೇಳುತ್ತಾನೆ. ಇದು ಸಣ್ಣ ಬಿಡುಗಡೆಯಲ್ಲ.

ಆದರೂ 2020ರ ದಿಗ್ಬಂಧನದ ದಿನಗಳನ್ನು ನೆನೆಯೋಣ. ದೇವಾಲಯಗಳ ಬಾಗಿಲು ಮುಚ್ಚಿದ್ದಾಗ ನಾವು ಆರಾಧನೆಯನ್ನೂ ಇದೇ ಗಾಜಿನಲ್ಲಿ ಕಂಡೆವು. ಅದಕ್ಕಾಗಿ ಕೃತಜ್ಞರೂ ಆಗಿದ್ದೆವು. ಬಾಗಿಲು ತೆರೆದ ದಿನ ಪಕ್ಕದ ಬೆಂಚಿನಲ್ಲಿ ಕುಳಿತವರ ಮುಖ ಕಂಡು ಕಣ್ಣು ತುಂಬಿದ್ದೂ ನಿಜ. ಕಾಣುವುದು ಬೇರೆ, ಕೂಡುವುದು ಬೇರೆ ಎಂಬುದನ್ನು ಯಾರೂ ನಮಗೆ ಹೇಳಿಕೊಡಬೇಕಾಗಿರಲಿಲ್ಲ.

ಹಿಂದೆ ಚಿತ್ರ ಮಸುಕಾಗಿದ್ದರಿಂದ ಮೂವರು ಸೇರಲೇಬೇಕಾಗಿತ್ತು: ಮಾಡಿನ ಮೇಲೊಬ್ಬ, ಅಂಗಳದಲ್ಲೊಬ್ಬ, ಒಳಗೊಬ್ಬ. ಇಂದು ಆ ಅನಿವಾರ್ಯತೆ ಇಲ್ಲ. ಇನ್ನು ಕೂಡುವುದಾದರೆ ಮನಸ್ಸು ಮಾಡಿಯೇ ಕೂಡಬೇಕು. ಮುಂದಿನ ಜೂನ್ ತಿಂಗಳ ಜಡಿಮಳೆಯಲ್ಲಿ ಟಿ.ವಿ. ನಿಂತುಹೋದಾಗ, ಮೊಬೈಲನ್ನು ಅಂಗೈಯಲ್ಲಿ ಹಿಡಿಯುವ ಬದಲು ಚಾವಡಿಯ ಮೇಜಿನ ಮೇಲೆ ಅಕ್ಕಿಡಬ್ಬಕ್ಕೆ ಒರಗಿಸಿಟ್ಟು, ಪಕ್ಕದ ಮನೆಯವರನ್ನೂ ಕರೆಯಬಹುದಲ್ಲವೇ? ಪರದೆ ಚಿಕ್ಕದೆಂಬುದು ನಿಜ. ಹತ್ತಿರ ಹತ್ತಿರ ಕುಳಿತರೆ ಸಾಕು.