ಕಾರ್ಬುರೇಟರ್ ಬಿಚ್ಚುತ್ತಿದ್ದ ಕಾಲ

ಪುಣೆಗೆ ಬಂದು ಮೂವತ್ತು ವರ್ಷ ದಾಟಿತು. ಇಲ್ಲಿನ ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳ ಮುಂದೆ ಹಳೇ ಯೆಜ್ದಿ ಕಂಡರೆ ಈಗಲೂ ನಿಂತು ನೋಡ್ತೀನಿ. ಎಷ್ಟಾದರೂ ನಮ್ಮ ಮೈಸೂರಿನ ಕೂಸು ತಾನೆ!

ಮುಂಬಯಿಯ ಇರಾನಿ ಕುಟುಂಬ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಶುರು ಮಾಡಿದ್ದು 1960ರ ಹೊತ್ತಿಗೆ. ಜೆಕೊಸ್ಲೊವಾಕಿಯಾದ ಜಾವಾ ಬೈಕು ಇಲ್ಲಿ ತಯಾರಾಯಿತು. 1973ರಲ್ಲಿ ಅದು ಯೆಜ್ದಿ ಆಯಿತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಆ ಬೈಕಿನ ಜತೆಗೆ ನಮ್ಮ ಗ್ಯಾರೇಜುಗಳಿಗೆ ಬಂದದ್ದು ಜಿಕೋವ್ ಕಾರ್ಬುರೇಟರ್.

ಅದರ ಲೆಕ್ಕ ಸರಳ. ಕಿರಿದಾದ ಕೊಳವೆಯಲ್ಲಿ ಗಾಳಿ ಜೋರಾಗಿ ನುಗ್ಗಿದರೆ ಅಲ್ಲಿ ಒತ್ತಡ ಇಳಿಯುತ್ತೆ. ಆಗ ಜೆಟ್ಟಿನಿಂದ ಪೆಟ್ರೋಲ್ ಮೇಲೆದ್ದು ತುಂತುರಾಗಿ ಗಾಳಿಯಲ್ಲಿ ಬೆರೆಯುತ್ತೆ. ನೀರಿನ ಟ್ಯಾಂಕಿನ ಚೆಂಡಿನ ಹಾಗೆ ಒಂದು ಫ್ಲೋಟ್ ಪೆಟ್ರೋಲ್ ಮಟ್ಟ ಕಾಯುತ್ತೆ. ಮುಖ್ಯ ಜೆಟ್ಟಿನ ತೂತು ಸುಮಾರು 1 ಮಿಲಿಮೀಟರ್ ಅಷ್ಟೆ. ಒಂದು ಕಸ ಸಿಕ್ಕಿದರೆ ಗಾಡಿ ನಡುರಸ್ತೆಯಲ್ಲಿ ನಿಂತಂತೆಯೇ.

ಹಾಗಾಗಿ ಯೆಜ್ದಿ ಇಟ್ಟವರೆಲ್ಲ ಅರ್ಧ ಮೆಕ್ಯಾನಿಕ್ಕುಗಳು! ಪೆಟ್ರೋಲ್ ಕಾಕ್ ಮುಚ್ಚು, ಬೌಲ್ ಬಿಚ್ಚು, ಜೆಟ್ ಊದು. ತಂತಿ ಮಾತ್ರ ತೂರಿಸಬಾರದು. ಹಿತ್ತಾಳೆ ಮೆದು, ತೂತು ದೊಡ್ಡದಾದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತೆ. ಪ್ಲಗ್ ಕಪ್ಪಗಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಕಮ್ಮಿ. ಟೂ ಸ್ಟ್ರೋಕ್ ಗಾಡಿಗೆ ಕಮ್ಮಿಯಾದರೇ ಅಪಾಯ, ಬಿಸಿಯೇರಿ ಪಿಸ್ಟನ್ ಹಿಡಿದುಕೊಳ್ಳುತ್ತೆ. ಈ ವಿದ್ಯೆ ಪುಸ್ತಕದಿಂದ ಬಂದದ್ದಲ್ಲ, ಗ್ಯಾರೇಜಿನ ಮೇಸ್ತ್ರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕಲಿತದ್ದು.

ಇದೇ ಪುಣೆಯ ಬಜಾಜ್ 2007ರಲ್ಲಿ ಪಲ್ಸರ್ 220ಗೆ ಫ್ಯೂಯೆಲ್ ಇಂಜೆಕ್ಷನ್ ಕೊಟ್ಟಿತು. ಎರಡೇ ವರ್ಷ, 2009ರಲ್ಲಿ ಅದೇ ಬೈಕು ಮತ್ತೆ ಕಾರ್ಬುರೇಟರಿಗೆ ಮರಳಿತು! ಆದರೆ 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತು, ಹೆಚ್ಚಿನ ಹೊಸ ಪೆಟ್ರೋಲ್ ಬೈಕುಗಳಲ್ಲಿ ಕಾರ್ಬುರೇಟರಿನ ಕಾಲ ಮುಗಿಯಿತು. ಹೊಗೆ ಕಮ್ಮಿಯಾಯಿತು, ಒಳ್ಳೆಯದೇ. ಮನೆಯಂಗಳದಲ್ಲಿ ಬಿಚ್ಚಿ ತೊಳೆಯುವ ವಿದ್ಯೆಗೆ ಮಾತ್ರ ಕೆಲಸ ಉಳಿಯಲಿಲ್ಲ.

ಉಳಿಯಲಿಲ್ಲವೇ? 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ 20 ಪರ್ಸೆಂಟ್ ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಎಥೆನಾಲ್ ನೀರಿನಂಶ ಹೀರುತ್ತೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಆ ನೀರು ಬೌಲಿನ ತಳಕ್ಕಿಳಿದು ಲೋಹ ತಿನ್ನುತ್ತೆ, ಹಳೇ ರಬ್ಬರ್ ಊದಿಸುತ್ತೆ. ಅಂದರೆ ಮೈಸೂರಲ್ಲಿ ಹುಟ್ಟಿದ ಈ ಗಾಡಿಗಳಿಗೆ ಕಾರ್ಬುರೇಟರ್ ಬಲ್ಲ ಕೈ ಹಿಂದೆಂದಿಗಿಂತ ಈಗಲೇ ಬೇಕು. ಆ ಕೈಗಳಿಗೋ ವಯಸ್ಸಾಗಿದೆ.

ನಿಮ್ಮ ಮನೆಯಲ್ಲೂ ಹಳೇ ಗಾಡಿ ನಿಂತಿದ್ದರೆ ಮೊದಲು ಬೌಲ್ ಖಾಲಿ ಮಾಡಿ. ಆಮೇಲೆ ಒಂದು ಭಾನುವಾರ ಮಕ್ಕಳನ್ನೂ ಕರಕೊಂಡು ಹಳೇ ಮೇಸ್ತ್ರಿಯ ಹತ್ತಿರ ಹೋಗಿ. ಸ್ಪ್ಯಾನರ್ ಅವರ ಕೈಗೇ ಕೊಡಿಸಿ.