ಚಿಪ್ಪಿನೊಳಗೆ ಹುಟ್ಟುವ ಕೀಲಿಗೆ ಹೊರಗಿನ ಪರೀಕ್ಷೆ

ಡಿಜಿಟಲ್ ಸಹಿಯ ಖಾಸಗಿ ಕೀಲಿಯನ್ನು ಕಂಪ್ಯೂಟರಿನಲ್ಲಿಡುವುದಕ್ಕಿಂತ ಸ್ಮಾರ್ಟ್ ಕಾರ್ಡಿನಲ್ಲಿಡುವುದು ಕ್ಷೇಮ ಎಂಬುದು ಒಪ್ಪಿತವಾದ ಮಾತು. ಕೀಲಿ ಕಾರ್ಡಿನ ಚಿಪ್ಪಿನೊಳಗೇ ಹುಟ್ಟಿ ಅಲ್ಲೇ ಉಳಿಯುವುದರಿಂದ ವೈರಸ್ ಹೊಕ್ಕ ಕಂಪ್ಯೂಟರಿಗೂ ಅದನ್ನು ನಕಲು ಮಾಡುವುದು ಕಷ್ಟ. ಈ ವಾದ ಕೀಲಿಯ ಕಾವಲಿಗೆ ಸಲ್ಲುತ್ತದೆ, ಕೀಲಿಯ ಹುಟ್ಟಿಗೆ ಸಲ್ಲುವುದಿಲ್ಲ. ಹುಟ್ಟು ಸರಿಯಾಗಿದೆ ಎನ್ನಲು ಚಿಪ್ಪಿಗೆ ಸಿಕ್ಕ ಭದ್ರತಾ ಪ್ರಮಾಣಪತ್ರ ಸಾಕಾಗದು. ಖಾಸಗಿ ಕೀಲಿಗೆ ಜೋಡಿಯಾಗಿ ಹುಟ್ಟಿ ಹೊರಬಂದ ಸಾರ್ವಜನಿಕ ಕೀಲಿಗಳನ್ನೇ ಪರೀಕ್ಷಿಸಬೇಕು ಎಂಬುದು ಈ ಟಿಪ್ಪಣಿಯ ನಿಲುವು.

ಮೊದಲ ಆಧಾರ ತೈವಾನಿನದು. ಅಲ್ಲಿನ ಸರ್ಕಾರ ನಾಗರಿಕರಿಗೆ ನೀಡಿದ ಡಿಜಿಟಲ್ ಪ್ರಮಾಣಪತ್ರದ ಕಾರ್ಡುಗಳಲ್ಲಿ 1024 ಬಿಟ್‌ಗಳ ಆರ್‌ಎಸ್‌ಎ ಕೀಲಿಗಳಿದ್ದವು. 2013ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಏಷ್ಯಾಕ್ರಿಪ್ಟ್ ಎಂಬ ಗೂಢಲಿಪಿ ಸಮ್ಮೇಳನದ ಒಂದು ಪ್ರಬಂಧ, ಇಂಥ 20 ಲಕ್ಷಕ್ಕೂ ಹೆಚ್ಚು ಕೀಲಿಗಳಲ್ಲಿ 184ನ್ನು ಒಡೆದು ತೋರಿಸಿತು. ಡೇನಿಯಲ್ ಬರ್ನ್‌ಸ್ಟೈನ್, ನಾಡಿಯಾ ಹೆನಿಂಗರ್, ತಾನ್ಯಾ ಲಾಂಗೆ ಮೊದಲಾದವರು ಅದರ ಲೇಖಕರು. ಕಾರ್ಡುಗಳಿಗೆ ಎಫ್‌ಐಪಿಎಸ್ 140-2 ಎಂಬ ಭದ್ರತಾ ಪ್ರಮಾಣಪತ್ರವೂ ಇತ್ತು.

ಒಡೆದ ಬಗೆಗಳಲ್ಲಿ ಮೊದಲನೆಯದು ಶಾಲೆಯ ಗಣಿತಕ್ಕೆ ಹತ್ತಿರದ್ದು. ಆರ್‌ಎಸ್‌ಎ ಸಾರ್ವಜನಿಕ ಕೀಲಿ ಎಂದರೆ ಮುಖ್ಯವಾಗಿ ಎರಡು ಗುಪ್ತ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಒಂದು ಕಾರ್ಡಿನ ಗುಣಲಬ್ಧ 10403, ಇನ್ನೊಂದರದು 10807 ಎಂದಿಟ್ಟುಕೊಳ್ಳೋಣ. ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ 404. 10403ನ್ನು 404ರಿಂದ ಭಾಗಿಸಿದರೆ ಶೇಷ 303. 404ರಲ್ಲಿ 303 ಕಳೆದರೆ 101. 303ನ್ನು 101 ನಿಶ್ಶೇಷವಾಗಿ ಭಾಗಿಸುತ್ತದೆ. ಅಲ್ಲಿಗೆ 101 ಎಂಬ ಸಾಮಾನ್ಯ ಅಪವರ್ತನ ಸಿಕ್ಕಿ ಎರಡೂ ಕೀಲಿಗಳು ಒಟ್ಟಿಗೇ ಬಯಲಾದವು. ಯಾದೃಚ್ಛಿಕತೆ ಸರಿಯಿದ್ದರೆ ಇಬ್ಬರು ನಾಗರಿಕರಿಗೆ ಒಂದೇ ಅವಿಭಾಜ್ಯ ಸಂಖ್ಯೆ ಬೀಳುವ ಸಂಭವವೇ ಇಲ್ಲವೆನ್ನಬೇಕು. ಇಲ್ಲಿ ಒಂದೇ ಸಂಖ್ಯೆ 46 ಕೀಲಿಗಳಲ್ಲಿ ಕಾಣಿಸಿಕೊಂಡಿತ್ತು.

ಎರಡನೆಯ ಆಧಾರ ಎಸ್ಟೋನಿಯಾದ್ದು. ಚೆಕ್ ದೇಶದ ಮಸಾರಿಕ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಇನ್ಫಿನಿಯನ್ ಚಿಪ್ಪುಗಳ ಆರ್‌ಎಸ್‌ಎ ತಂತ್ರಾಂಶದಲ್ಲಿ ದೋಷ ಗುರುತಿಸಿದರು. ಆ ತಂತ್ರಾಂಶ ಅವಿಭಾಜ್ಯ ಸಂಖ್ಯೆಗಳನ್ನು 65537ರ ಘಾತಗಳಿಗೆ ಕಟ್ಟುಬಿದ್ದ ಒಂದು ಸೂತ್ರದಿಂದ ಆರಿಸುತ್ತಿತ್ತು. ಇಂಥ ಕೀಲಿಯ ಗುಣಲಬ್ಧವನ್ನು 11ರಿಂದ ಭಾಗಿಸಿದರೆ ಶೇಷ 1 ಅಥವಾ 10 ಮಾತ್ರ. 37ರಿಂದ ಭಾಗಿಸಿದರೆ 1, 10, 26 ಮಾತ್ರ. ಇಂಥ ಕೆಲವು ಶೇಷಗಳನ್ನು ನೋಡಿದರೆ ದೋಷದ ಗುರುತು ಕ್ಷಣದಲ್ಲಿ ಸಿಗುತ್ತದೆ. ಎಸ್ಟೋನಿಯಾದ ಸುಮಾರು ಏಳೂವರೆ ಲಕ್ಷ ಗುರುತಿನ ಚೀಟಿಗಳಲ್ಲಿ ಈ ಚಿಪ್ ಇತ್ತು. ಅವುಗಳ ಪ್ರಮಾಣಪತ್ರಗಳನ್ನು ಸರ್ಕಾರ ನವೆಂಬರಿನಲ್ಲಿ ಅಮಾನತಿನಲ್ಲಿಟ್ಟು, ಕಾರ್ಡುಗಳನ್ನು ಬೇರೆ ಕ್ರಮವಿಧಿಗೆ ಬದಲಾಯಿಸಿತು.

ಈ ಎರಡೂ ಕಡೆ ಚಿಪ್ಪುಗಳ ಕೋಡ್ ಮುಚ್ಚಿದ್ದು ನಿಜ. ಹಾಗೆಂದು ಮುಕ್ತ ತಂತ್ರಾಂಶವೇ ಪರಿಹಾರ ಎನ್ನುವಂತಿಲ್ಲ. ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯಲ್ಲಿ 2006ರಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶಕ್ಕೆ ಮಾಡಿದ ತಿದ್ದುಪಡಿಯಿಂದ ಕೀಲಿಯ ಯಾದೃಚ್ಛಿಕತೆ ಪ್ರೊಸೆಸ್ ಸಂಖ್ಯೆಯೊಂದಕ್ಕೇ ಇಳಿದಿತ್ತು. ಸಾಧ್ಯವಿದ್ದ ಸಂಖ್ಯೆಗಳು ಸುಮಾರು 32 ಸಾವಿರ. ಕೋಡ್ ಎಲ್ಲರಿಗೂ ತೆರೆದಿದ್ದರೂ ದೋಷ ಪ್ರಕಟವಾದದ್ದು 2008ರ ಮೇ ತಿಂಗಳಲ್ಲಿ. ವ್ಯತ್ಯಾಸವಿಷ್ಟೆ: ಇಲ್ಲಿ ದೋಷದ ಮೂಲ ಯಾವ ಸಾಲು ಎಂದು ತೋರಿಸಬಹುದಿತ್ತು. ಮುಚ್ಚಿದ ಚಿಪ್ಪುಗಳಲ್ಲಿ ಒಳಗಿನದನ್ನು ಕೀಲಿಗಳಿಂದಲೇ ಊಹಿಸಬೇಕಾಯಿತು.

ತೈವಾನ್, ಎಸ್ಟೋನಿಯಾ ಎರಡೂ ಕಡೆ ದೋಷಕ್ಕೆ ಸಾಕ್ಷಿ ನುಡಿದದ್ದು ಬಹಿರಂಗವಾಗಿದ್ದ ಸಾರ್ವಜನಿಕ ಕೀಲಿಗಳು. ಈ ಅಂಶ ನಮಗೂ ಮುಖ್ಯ. ಭಾರತದಲ್ಲಿ ಟೆಂಡರ್ ಹಾಕುವವರು, ಕಂಪನಿ ನಿರ್ದೇಶಕರು ಬಳಸುವ ಡಿಜಿಟಲ್ ಸಹಿ ಪ್ರಮಾಣಪತ್ರ (ಡಿಎಸ್‌ಸಿ) ಯುಎಸ್‌ಬಿ ಟೋಕನ್ನಿನಲ್ಲಿ ಬರುತ್ತದೆ. ಖಾಸಗಿ ಕೀಲಿ ಕೈತಪ್ಪದಂತೆ ನೋಡಿಕೊಳ್ಳುವ ಹೊಣೆಯನ್ನು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 42ನೇ ಕಲಂ ಬಳಕೆದಾರರಿಗೆ ವಹಿಸಿದೆ. ಟೋಕನ್ನನ್ನೂ ಪಿನ್ನನ್ನೂ ಆಡಿಟರ್ ಕಚೇರಿಯಲ್ಲಿ ಬಿಟ್ಟುಬರದಿರುವುದು ಅವರ ಕೈಯಲ್ಲಿದೆ. ಚಿಪ್ಪಿನೊಳಗೆ ಕೀಲಿ ಹೇಗೆ ಹುಟ್ಟಿತು ಎಂಬುದು ಅವರ ಕೈಯಲ್ಲಿಲ್ಲ. ಹುಟ್ಟಿನ ದೋಷದಿಂದ ಕೀಲಿ ಒಡೆದು, ತಾವು ಹಾಕದ ಸಹಿಗೆ ಅವರು ಉತ್ತರಿಸಬೇಕಾಗಿ ಬಂದರೆ ಅದು ಅನ್ಯಾಯ.

ಆದ್ದರಿಂದ ಹುಟ್ಟಿನ ಪರೀಕ್ಷೆ ಪ್ರಮಾಣಪತ್ರ ನೀಡುವವರ ಕರ್ತವ್ಯವಾಗಬೇಕು. ಸಾವಿರಾರು ಸಾರ್ವಜನಿಕ ಕೀಲಿಗಳನ್ನು ಒಟ್ಟಿಗೆ ಕಾಣುವವರು ಅವರೇ. ಜಾಲತಾಣಗಳ ಪ್ರಮಾಣಪತ್ರಗಳಿಗೆ ಗೊತ್ತಿರುವ ದುರ್ಬಲ ಕೀಲಿಗಳನ್ನು ತಿರಸ್ಕರಿಸುವ ನಿಯಮ ಈಗಾಗಲೇ ಇದೆ. ವ್ಯಕ್ತಿಯ ಸಹಿಗೂ ಅದೇ ನಿಯಮ ಇರಬೇಕು, ಪರೀಕ್ಷೆಯ ಫಲಿತಾಂಶ ಪ್ರಕಟವಾಗಬೇಕು.