ಜಾಲ್ಸೂರು ಗಡಿ ಪ್ರವೇಶ ನಿಯಮಗಳು (ಕೋವಿಡ್ ಕಾಲ)

ಕೋವಿಡ್-19ರ ಕಾಲದಲ್ಲಿ ಕೇರಳದಿಂದ ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲೂಕಿಗೆ ಬರುವವರ ಮೇಲೆ ಜಾಲ್ಸೂರು ತಪಾಸಣಾ ಠಾಣೆಯಲ್ಲಿ ಜಾರಿಯಲ್ಲಿದ್ದ ನಿರ್ಬಂಧಗಳು. ಕಾಸರಗೋಡು ಜಿಲ್ಲೆಯ ಚೆರ್ಕಳದಿಂದ ಮುಳ್ಳೇರಿಯ, ಆದೂರು ಮಾರ್ಗವಾಗಿ ಬರುವ ರಸ್ತೆ ಜಾಲ್ಸೂರಿನಲ್ಲಿ ಮಾಣಿ-ಮೈಸೂರು ಹೆದ್ದಾರಿಯನ್ನು ಕೂಡುತ್ತದೆ. 2020ರ ಮಾರ್ಚ್‌ನಲ್ಲಿ ಕರ್ನಾಟಕವು ಕಾಸರಗೋಡು ಕಡೆಯ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಸಂಚಾರ ತಡೆಯಿತು. ತುರ್ತು ಚಿಕಿತ್ಸೆಯ ರೋಗಿಗಳಿಗೆ ತಲಪಾಡಿ ಗಡಿಯಲ್ಲಿ ದಾರಿ ಬಿಟ್ಟದ್ದು ಏಪ್ರಿಲ್‌ನಲ್ಲಿ, ಈ ತಡೆಯ ವಿವಾದ ಸುಪ್ರೀಂ ಕೋರ್ಟ್ ತಲುಪಿದ ಬಳಿಕ. 2021ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡ ಜಿಲ್ಲಾಡಳಿತ ತಲಪಾಡಿ, ಸಾರಡ್ಕ, ನೆಟ್ಟಣಿಗೆ ಮುಡ್ನೂರು, ಜಾಲ್ಸೂರು ಎಂಬ ನಾಲ್ಕೇ ದಾರಿಗಳನ್ನು ಉಳಿಸಿ, 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿಯನ್ನು ಕಡ್ಡಾಯಗೊಳಿಸಿತು. ಆಗಸ್ಟ್‌ನಲ್ಲಿ ಲಸಿಕೆ ಪಡೆದವರಿಗೂ ಈ ವರದಿ ಬೇಕಾಯಿತು.

ಪ್ರವಾಸಿ ಗಡಿ ದಾಟುವ ಪ್ರಯಾಣವನ್ನು ಮುಂದೂಡಬಲ್ಲ. ಗಡಿಯಲ್ಲಿ ವಾಸಿಸುವವರಿಗೆ ಆ ಆಯ್ಕೆ ಇರಲಿಲ್ಲ. ಕೇರಳದ ದೇಲಂಪಾಡಿ ಕಡೆಯ ಕನ್ನಡಿಗರು, ತುಳುವರು, ಅರೆಭಾಷಿಕರು ಸಂತೆ, ಶಾಲೆ, ಆಸ್ಪತ್ರೆಗೆ ಸುಳ್ಯ, ಪುತ್ತೂರುಗಳನ್ನೇ ನಂಬಿದವರು. ಮದುವೆ ಸಂಬಂಧಗಳೂ ಗಡಿಯ ಎರಡೂ ಬದಿಗಿವೆ. ಆದ್ದರಿಂದ ನಿಯಮದ ನಿಜವಾದ ಭಾರ ಬಿದ್ದದ್ದು ದಿನಗೂಲಿಯವರು ಮತ್ತು ವಿದ್ಯಾರ್ಥಿಗಳ ಮೇಲೆ. 2022ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಕೇರಳದಿಂದ ಬರುವವರಿಗೆ ಆರ್‌ಟಿ-ಪಿಸಿಆರ್ ವರದಿಯ ಕಡ್ಡಾಯವನ್ನು ಹಿಂತೆಗೆದುಕೊಂಡಿತು.